ಚಿತ್ತಾ ಮಳೆ ಬಿದ್ದ ಮೇಲೆ ಲಾಲ್‌ಬಾಗ್‌ನಲ್ಲಿ ನಡೆಯುವಾಗ

ಮಾನ್ಯ ಸಂಪಾದಕರೇ,

ದಸರಾ ಮುಗಿದು ದೀಪಾವಳಿ ಬರುವವರೆಗಿನ ದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಕಡಿಮೆ. ಆಗಸ್ಟ್‌ನ ಫಲಪುಷ್ಪ ಪ್ರದರ್ಶನ ಮುಗಿದಿರುತ್ತದೆ, ಜನವರಿಯದಕ್ಕೆ ಇನ್ನೂ ಮೂರು ತಿಂಗಳು ಇರುತ್ತದೆ. ಆದರೆ ಈ 240 ಎಕರೆಯನ್ನು ಕಾಲ್ನಡಿಗೆಯಲ್ಲಿ ನೋಡುವುದಕ್ಕೆ ಶರದೃತುವಿಗಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಕೆರೆ ತುಂಬಿರುತ್ತದೆ, ಧೂಳು ತೊಳೆದುಹೋಗಿರುತ್ತದೆ, ಬಿಸಿಲು ಏರುವ ಮುನ್ನ ಎರಡು ಗಂಟೆ ಹಾಯಾಗಿ ಸುತ್ತಬಹುದು. ಹಾಗೆಯೇ, ವರ್ಷದಲ್ಲಿ ತೋಟದ ನೆಲ ಅತ್ಯಂತ ಮೆತ್ತಗಿರುವುದೂ ಇದೇ ಕಾಲದಲ್ಲಿ. ಈಗ ತುಳಿದ ನೆಲದ ಪೆಟ್ಟು ಬೇಸಿಗೆಯಲ್ಲಿ ಮರದ ನೆತ್ತಿಯಲ್ಲಿ ಕಾಣಿಸುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. ಶರತ್ಕಾಲ ಎಂದರೆ ಎಲೆ ಕೆಂಪಾಗಿ ಉದುರುವ ಕಾಲ ಎಂಬ ಚಿತ್ರ ಶೀತದೇಶಗಳಿಂದ ಬಂದದ್ದು. ನಮ್ಮಲ್ಲಿ ಎಲೆ ಹೆಚ್ಚಾಗಿ ಉದುರುವುದು ಮಾಗಿಯಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ. ಆಶ್ವಯುಜ, ಕಾರ್ತಿಕಗಳಲ್ಲಿ ಬೆಂಗಳೂರಿನ ಮರಗಳು ತುಂಬಿದ ಎಲೆಯಲ್ಲೇ ನಿಂತಿರುತ್ತವೆ. ಆ ಹೊತ್ತಿಗೆ ನೆಲಕ್ಕೆ ಬೀಳುವುದು ಮುಖ್ಯವಾಗಿ ಹೂವು, ಒಣ ಪುಳ್ಳೆ ಮತ್ತು ಗಾಳಿಗೆ ಮುರಿದ ಕೊಂಬೆ. ಬೆಂಗಳೂರಿಗೆ ವರ್ಷದ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಸಾಲಾಗಿ ಹಿಡಿದವೆಂದರೆ ಮರದ ತಲೆ ನೀರು ಕುಡಿದು ಭಾರವಾಗಿರುತ್ತದೆ, ಬುಡದ ಮಣ್ಣು ಸಡಿಲಾಗಿರುತ್ತದೆ. ಈ ದಿನಗಳಲ್ಲಿ ಗಾಳಿ ಬೀಸಿದಾಗ ನಡಿಗೆಯನ್ನು ಮುಂದಕ್ಕೆ ಹಾಕುವುದೇ ಸರಿ.

ಮೆಟ್ರೊ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಬೆಳಿಗ್ಗೆ ಆರೂವರೆಯ ಒಳಗೆ ಮೊದಲು ಕೆರೆಗೆ ಹೋಗಿ, ಆಮೇಲೆ ಮರಗಳ ಸಾಲು, ಗಾಜಿನ ಮನೆ, ಕೊನೆಗೆ ಬಂಡೆ, ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸೂರ್ಯೋದಯ ನೋಡಬೇಕೆಂದು ಮೊದಲು ಬಂಡೆ ಹತ್ತುತ್ತಾರೆ, ಒಂಬತ್ತರ ಬಿಸಿಲಲ್ಲಿ ಕೆರೆಗೆ ಬಂದು ಹಕ್ಕಿಯೇ ಇಲ್ಲ ಎನ್ನುತ್ತಾರೆ. ರಾತ್ರಿ ಮಳೆಯಾಗಿದ್ದರೆ ಆರು ಗಂಟೆಗೆ ಆ ಬಂಡೆಯ ಇಳಿಜಾರು ಜಾರುತ್ತದೆ, ಎಂಟಕ್ಕೆ ಒಣಗಿರುತ್ತದೆ.

ಕೆರೆ ಏರಿಯ ಮೇಲೆ ನಿಧಾನವಾಗಿ ನಡೆಯಿರಿ. ಬರಿಗಣ್ಣಿಗೇ ಕಾಣುವವು ಬಹಳ ಇವೆ. ಮುಳುಗಿ ಮೀನು ಹಿಡಿದ ನೀರುಕಾಗೆ ಕೊರಡಿನ ಮೇಲೆ ಕೂತು ರೆಕ್ಕೆ ಅಗಲಿಸಿಕೊಂಡಿರುತ್ತದೆ. ಬಾತುಕೋಳಿಯ ಗರಿಯ ಹಾಗಲ್ಲ, ಅದರ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆಯುತ್ತದೆ. ನೆನೆಯುವುದರಿಂದಲೇ ಅದು ಸಲೀಸಾಗಿ ಮುಳುಗುತ್ತದೆ, ನೆನೆದದ್ದನ್ನು ಒಣಗಿಸಲೇಬೇಕಾಗುತ್ತದೆ. ಹಾವಿನಂಥ ಕತ್ತು ಮಾತ್ರ ನೀರಿನ ಮೇಲೆ ಕಂಡರೆ ಅದು ಹಾವಕ್ಕಿ. ಹೆಜ್ಜಾರ್ಲೆಗಳು ಬಂದಿದ್ದರೆ ಹುಡುಕಬೇಕಾಗಿಲ್ಲ, ಅಷ್ಟು ದೊಡ್ಡ ಹಕ್ಕಿ. ಅಂಚಿನ ಜೊಂಡಿನಲ್ಲಿ ನೇರಳೆ ಜಂಬುಕೋಳಿ, ದಡದ ಕಲ್ಲಿನ ಮೇಲೆ ಅಲುಗಾಡದೆ ನಿಂತ ಕೊಳದ ಬಕ. ನೀರು ಹರಿಯುವ ಕಾಲುವೆಯ ಬಳಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವ, ಹೊಟ್ಟೆ ಹಳದಿ ಇರುವ ಪುಟ್ಟ ಹಕ್ಕಿ ಕಂಡರೆ ಅದು ಬೂದು ಸಿಪಿಲೆ. ಹಿಮಾಲಯದ ಕಡೆಯಿಂದ ಬಂದು ಚಳಿಗಾಲ ಕಳೆದು ಹೋಗುವ ಅತಿಥಿ, ಸೆಪ್ಟೆಂಬರ್‌ನಲ್ಲೇ ಬರಲು ಶುರುವಾಗುತ್ತದೆ. ನಮ್ಮ ಶರದೃತುವಿನ ಗುರುತು ಎಲೆಯ ಬಣ್ಣಕ್ಕಿಂತ ಇದೇ ಹೆಚ್ಚು ಖಾತ್ರಿ.

ಇಲ್ಲಿ ಒಂದು ಕಳಕಳಿಯ ಮಾತು. ಮೀನಿಗೆಂದು ಕಡ್ಲೆಪುರಿ, ಬ್ರೆಡ್ಡು, ಬಿಸ್ಕತ್ತು ಎಸೆಯಬೇಡಿ. ಪುಣ್ಯದ ಕೆಲಸವೆಂದು ನಂಬಿ ಮಾಡುವವರೇ ಹೆಚ್ಚು, ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇವೆ. ಮಳೆಗಾಲದಲ್ಲಿ ಚರಂಡಿಯ ಕೊಳೆ, ಗೊಬ್ಬರದ ಅಂಶ ಎಲ್ಲವೂ ಹರಿದು ಕೆರೆಗಳಿಗೆ ಸೇರುತ್ತವೆ, ಪಾಚಿ ಬೆಳೆಯುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಮೋಡ ಮುಚ್ಚಿದ ಎರಡು ಮೂರು ದಿನ ಸಾಲಾಗಿ ಬಂದರೆ ಹಗಲಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಅಷ್ಟೇ. ಹೀಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ತಿನ್ನದೆ ಉಳಿದ ಪುರಿ ತಳಕ್ಕೆ ಕೂತು ಕೊಳೆಯುವುದಕ್ಕೂ ಅದೇ ಆಮ್ಲಜನಕ ಬೇಕು. ನಸುಕಿನಲ್ಲಿ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅವು ಹಸಿದು ನಿಮ್ಮನ್ನು ಕೇಳುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿವೆ. ಆ ದೃಶ್ಯ ಯಾವ ಕೆರೆಯಲ್ಲಿ ಕಂಡರೂ ಕೂಡಲೇ ಸಿಬ್ಬಂದಿಗೆ ತಿಳಿಸಿ. ಕಾರಂಜಿಯೋ ಪಂಪೋ ಓಡಿಸಿ ನೀರನ್ನು ಕಲಕಿದರೆ ಮೀನು ಉಳಿಯುತ್ತದೆ.

ಕೆರೆಯ ಅಂಚಿನ ಜೊಂಡನ್ನು ಕಳೆ ಎಂದು ಬೋಳಿಸುವ ರೂಢಿ ನಗರದ ಕೆರೆಗಳಲ್ಲೆಲ್ಲ ಇದೆ. ತೇಲುವ ಜಲಕಳೆಯನ್ನು ತೆಗೆಯಲೇಬೇಕು, ಬೇರಿನ ಸಮೇತ ದಡಕ್ಕೆ ಎಳೆದು, ನೀರು ಇಳಿದ ಮೇಲೆ ದೂರ ಸಾಗಿಸಬೇಕು. ದಡದಲ್ಲೇ ರಾಶಿ ಬಿಟ್ಟರೆ ಮುಂದಿನ ಮಳೆಗೆ ಅದು ವಾಪಸು ನೀರಿಗೆ ಜಾರುತ್ತದೆ. ಬೇರು ಬಿಟ್ಟು ನಿಂತ ಜೊಂಡಿನ ವಿಷಯ ಬೇರೆ. ಅದು ಹರಿದು ಬರುವ ಹೂಳನ್ನು ಹಿಡಿಯುತ್ತದೆ, ಜಂಬುಕೋಳಿಗೆ ಗೂಡಿನ ಜಾಗ, ಮರಿಮೀನಿಗೆ ಮರೆ. ಒಂದೇ ಸಲ ಎಲ್ಲವನ್ನೂ ಕತ್ತರಿಸದೆ ವರ್ಷಕ್ಕೆ ಮೂರನೇ ಒಂದು ಭಾಗದಂತೆ ಕೊಯ್ದರೆ ಸಾಕು.

ಕೆರೆ ಬಿಟ್ಟು ಮರಗಳ ಕಡೆ ತಿರುಗಿದರೆ ಈ ಕಾಲದ ಸೊಗಸು ಕಾಲ ಕೆಳಗೇ ಇರುತ್ತದೆ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಿಗೆ ಮರ ಆಯುವಾಗ ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಎಂಬ ಲೆಕ್ಕ ಇಟ್ಟುಕೊಂಡಿದ್ದರು. ಅವರ ಲೆಕ್ಕ ಇವತ್ತಿಗೂ ನಗರದಲ್ಲಿ ನಡೆಯುತ್ತಿದೆ. ಅಕ್ಟೋಬರ್‌ನ ಪಾಳಿ ಆಕಾಶಮಲ್ಲಿಗೆಯದು. ಎತ್ತರದ ನೆಟ್ಟನೆಯ ಮರ, ಮೇಲೆ ನೋಡಿದರೆ ಹೂವು ಸರಿಯಾಗಿ ಕಾಣುವುದೇ ಇಲ್ಲ. ರಾತ್ರಿ ಅರಳಿ ನಸುಕಿನಲ್ಲಿ ಉದುರುತ್ತದೆ. ಒಂದನ್ನು ಎತ್ತಿ ನೋಡಿ: ಎರಡು ಮೂರು ಅಂಗುಲ ಉದ್ದದ ತೆಳ್ಳನೆಯ ಬಿಳಿ ಕೊಳವೆ, ತುದಿಯಲ್ಲಿ ಪುಟ್ಟ ಎಸಳುಗಳು. ಅಷ್ಟುದ್ದದ ಕೊಳವೆಯ ತಳದ ಮಕರಂದಕ್ಕೆ ಇರುಳಿನ ಪತಂಗಗಳ ಉದ್ದ ನಾಲಗೆಯೇ ಬೇಕು. ಅದಕ್ಕೇ ಬಿಳಿ ಬಣ್ಣ, ಅದಕ್ಕೇ ರಾತ್ರಿಯ ಪರಿಮಳ. ಪಾರಿಜಾತದ್ದೂ ಇದೇ ಪಾಳಿ, ಕೇಸರಿ ತೊಟ್ಟಿನ ಹೂವು ಬೆಳಿಗ್ಗೆ ಎಂಟರ ಬಿಸಿಲಿಗೆ ಬಾಡುತ್ತದೆ.

ಸಂಜೆ ನಡೆಯುವವರಿಗೆ ಒಂದು ಗಾಢ ವಾಸನೆ ಎದುರಾದರೆ ಅದು ಹಾಲೆ ಮರ, ಸಪ್ತಪರ್ಣಿ. ಒಂದೇ ಗೆಣ್ಣಿನಿಂದ ಸುತ್ತಲೂ ಏಳರ ಆಸುಪಾಸು ಎಲೆಗಳು ಛತ್ರಿಯಂತೆ ಹೊರಟಿರುತ್ತವೆ, ಮುರಿದರೆ ಹಾಲು ಬರುತ್ತದೆ. ಕೆಲವರಿಗೆ ಆ ವಾಸನೆ ಹಿತ, ಕೆಲವರಿಗೆ ತಲೆನೋವು. ತಲೆನೋವಿನವರು ಬೆಳಿಗ್ಗೆ ಬರಲಿ, ಆಗ ಅದು ತಗ್ಗಿರುತ್ತದೆ. ಕೆಂಪು ಬಟ್ಟಲಿನಂಥ ಹೂವು ಹಾದಿಯಲ್ಲಿ ಬಿದ್ದಿದ್ದರೆ ಅದು ಆಫ್ರಿಕಾ ಮೂಲದ ನೀರುಕಾಯಿ ಮರದ್ದು. ಅದರ ಬಾಗಿದ ಮೊಗ್ಗಿನಲ್ಲಿ ನೀರು ತುಂಬಿರುತ್ತದೆ, ತುದಿ ಹಿಸುಕಿ ಮಕ್ಕಳು ಒಬ್ಬರ ಮೇಲೊಬ್ಬರು ಚಿಮ್ಮಿಸುತ್ತಾರೆ. ಆದರೆ ಡಾಂಬರು, ಕಲ್ಲುಹಾಸಿನ ಮೇಲೆ ತುಳಿದರೆ ಬಾಳೆಹಣ್ಣಿನ ಸಿಪ್ಪೆಯಷ್ಟೇ ಜಾರುತ್ತದೆ. ಹಾದಿಯ ಮೇಲಿನ ಹೂವು, ಎಲೆಗಳನ್ನು ದಿನವೂ ಗುಡಿಸಬೇಕು, ಇದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಇರುವುದು ಮರದ ಬುಡವನ್ನೂ ಅದೇ ಪೊರಕೆಯಲ್ಲಿ ಗುಡಿಸಿ ಮಣ್ಣು ಬೆತ್ತಲೆ ಮಾಡುವುದರ ಬಗ್ಗೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮರದ ಬೇರು ಆಳಕ್ಕೆ ಇಳಿದಿರುತ್ತದೆ, ಮೇಲೆ ನಡೆದರೆ ಏನಾಗುತ್ತದೆ ಎಂದು ಜನ ಭಾವಿಸುತ್ತಾರೆ. ನೀರು, ಸತ್ವ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದರಿಂದ ಎರಡು ಅಡಿಯ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳು ಎಲ್ಲಿಯವರೆಗಿದೆಯೋ ಅದನ್ನೂ ದಾಟಿ ಹರಡಿರುತ್ತವೆ. ಒಳ್ಳೆಯ ಮಣ್ಣಿನ ಅರ್ಧದಷ್ಟು ಬರೀ ಸಂದು, ಅದರಲ್ಲಿ ಗಾಳಿ ಮತ್ತು ನೀರು. ನಮ್ಮ ಕೆಂಪು ಜೇಡಿಮಣ್ಣು ಒಣಗಿದ್ದಾಗ ನೂರು ಜನ ನಡೆದರೂ ತಡೆದುಕೊಳ್ಳುತ್ತದೆ. ಹಸಿಯಿದ್ದಾಗ ಹತ್ತು ಜನ ನಡೆದರೆ ಸಾಕು, ಸಂದುಗಳು ಮುಚ್ಚಿ ಹಂಚಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಮಳೆಯ ನೀರು ಒಳಗಿಳಿಯುವುದಿಲ್ಲ, ಇಳಿದಷ್ಟು ಹೊರಹೋಗುವುದಿಲ್ಲ. ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯಲು ಶುರುವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೆತ್ತಿಯ ಕೊಂಬೆ ಒಣಗಿದಾಗ ನೀರು ಸಾಲದು ಎಂದು ಟ್ಯಾಂಕರ್ ತರಿಸುತ್ತಾರೆ. ಕಾರಣ ಹಿಂದಿನ ಅಕ್ಟೋಬರ್‌ನಲ್ಲಿ ಆಗಿಹೋಗಿರುತ್ತದೆ.

ಲಾಲ್‌ಬಾಗ್‌ನ ದೊಡ್ಡ ಬಿಳಿ ಬೂರುಗದ ಮರವನ್ನೇ ನೋಡಿ. ಕಾಂಡದ ಬುಡದಿಂದ ಗೋಡೆಗಳಂತೆ ಎದ್ದ ಬೇರುಗಳು ಮನುಷ್ಯರನ್ನೇ ಮರೆಮಾಡುವಷ್ಟಿವೆ. ಫೋಟೊ ತೆಗೆಯುವುದಕ್ಕೆ ಇಷ್ಟು ಚಂದದ ಜಾಗ ಇನ್ನೊಂದಿಲ್ಲ, ಒಪ್ಪುತ್ತೇವೆ. ಆ ಗೋಡೆಬೇರುಗಳೇ ಅಷ್ಟೆತ್ತರದ ಮರವನ್ನು ಗಾಳಿಗೆ ಬೀಳದಂತೆ ಆನಿಸಿ ಹಿಡಿದಿರುವುದು. ಅದರ ತೊಗಟೆ ಸುಲಿದರೆ, ಹೆಸರು ಕೊರೆದರೆ, ಆ ಗಾಯದಿಂದ ಮಳೆಗಾಲದಲ್ಲಿ ಶಿಲೀಂಧ್ರ ಒಳಹೋಗುತ್ತದೆ. ಮರಕ್ಕೆ ಗಾಯ ಮಾಯುವುದಿಲ್ಲ, ಸುತ್ತ ಹೊಸ ಕಟ್ಟಿಗೆ ಬೆಳೆಸಿ ಮುಚ್ಚಿಕೊಳ್ಳುತ್ತದೆ ಅಷ್ಟೇ. ಒಳಗಿನ ಕೊಳೆತ ಒಳಗೇ ಉಳಿಯುತ್ತದೆ. ಇಂಥ ಮರಗಳನ್ನು ಬೇಲಿಯ ಹೊರಗೆ ನಿಂತು ನೋಡುವುದೇ ಚಂದ.

ಯಾವ ಉದ್ಯಾನದಲ್ಲಾದರೂ ಮಣ್ಣು ಗಟ್ಟಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಮಳೆ ನಿಂತ ಮರುದಿನ ಆರು ಅಂಗುಲದ ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ಒತ್ತಿ. ಹಿಡಿಯವರೆಗೆ ಇಳಿದರೆ ಮಣ್ಣು ಚೆನ್ನಾಗಿದೆ. ಎರಡು ಅಂಗುಲಕ್ಕೇ ನಿಂತರೆ ಕೆಟ್ಟಿದೆ. ಕೆಟ್ಟ ಮಣ್ಣನ್ನು ಗುದ್ದಲಿಯಿಂದ ಅಗೆದು ಸರಿಮಾಡಲು ಹೋಗಬಾರದು, ಉಳಿದ ಬೇರೂ ತುಂಡಾಗುತ್ತದೆ. ಕಾಂಡದಿಂದ ಆರೇಳು ಅಡಿ ಬಿಟ್ಟು, ಎರಡೆರಡು ಅಡಿಗೆ ಒಂದರಂತೆ, ಎರಡು ಅಂಗುಲ ಅಗಲ, ಒಂದು ಅಡಿ ಆಳದ ತೂತು ಕೊರೆದು ಪುಡಿಯಾದ ಎಲೆಗೊಬ್ಬರ ತುಂಬಬೇಕು. ಕೊರೆಯುವಾಗ ದಪ್ಪ ಬೇರು ತಗುಲಿದರೆ ಆ ತೂತು ಬಿಟ್ಟು ಪಕ್ಕಕ್ಕೆ ಹೋಗಬೇಕು. ಮೇಲೆ ಮೂರು ಅಂಗುಲ ದಪ್ಪಕ್ಕೆ ಒಣ ಎಲೆ ಹಾಸಬೇಕು. ಎಲೆಯ ಹಾಸು ಕಾಂಡಕ್ಕೆ ತಾಗದಂತೆ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಬೇಕು. ಇಲ್ಲೇ ಬಹಳ ಮಂದಿ ತಪ್ಪುತ್ತಾರೆ, ಕಾಂಡಕ್ಕೆ ಒತ್ತಿ ಗೋಪುರದಂತೆ ಪೇರಿಸುತ್ತಾರೆ. ತೊಗಟೆ ಸದಾ ತೇವವಾಗಿ ಕೊಳೆಯುತ್ತದೆ, ಗೆದ್ದಲು ಏರುತ್ತದೆ.

ಮರದ ಸುತ್ತ ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬುವುದೂ ಇದೇ ಬಗೆಯ ಹಾನಿ. ಊರೂರಿನ ಅಶ್ವತ್ಥಕಟ್ಟೆ ನೂರು ವರ್ಷ ನಿಂತಿದೆಯಲ್ಲ ಎಂದು ಕೇಳಬಹುದು. ಅರಳಿ, ಆಲ, ಗೋಣಿಯ ಜಾತಿ ಗಟ್ಟಿ, ಕಲ್ಲು ಸೀಳಿಯೂ ಹೊಸ ಬೇರು ಬಿಡುತ್ತವೆ. ಆ ನ್ಯಾಯ ಮಾವಿಗೋ ಮಳೆಮರಕ್ಕೋ ನಡೆಯುವುದಿಲ್ಲ, ಬುಡದ ಮೇಲೆ ಒಂದು ಅಡಿ ಮಣ್ಣು ಏರಿಸಿದರೆ ಹಳೆಯ ಬೇರು ಉಸಿರುಗಟ್ಟುತ್ತದೆ.

ನಡೆಯುವವರು ಗಮನಿಸಬಹುದಾದ ಅಪಾಯದ ಗುರುತು ಮೂರಿವೆ. ಬುಡದಲ್ಲಿ ಮರದಷ್ಟೇ ಗಟ್ಟಿಯಾದ, ಮೇಲೆ ಕಂದು, ಅಂಚು ಬೆಳ್ಳಗಿರುವ ಬೀಸಣಿಗೆಯಂಥ ಅಣಬೆ. ವಾಲಿದ ಮರವಾದರೆ ವಾಲಿದ್ದಕ್ಕೆ ಎದುರು ಬದಿಯ ನೆಲದಲ್ಲಿ ಹೊಸ ಬಿರುಕು. ಎರಡು ಕವಲು ಸೇರುವಲ್ಲಿ ನೀರು ಒಸರುವ ಸೀಳು. ಇವುಗಳಲ್ಲಿ ಒಂದು ಕಂಡರೂ ಆ ಮರದ ಕೆಳಗಿನ ಬೆಂಚಿನಲ್ಲಿ ಕೂರಬೇಡಿ, ಕಾವಲಿನವರಿಗೆ ಜಾಗ ತೋರಿಸಿ. ಅಣಬೆಯನ್ನು ಮುರಿದು ಎಸೆಯಬೇಡಿ. ರೋಗ ಒಳಗೆ ಹಾಗೇ ಇರುತ್ತದೆ, ನೋಡಲು ಬರುವವರಿಗೆ ಇದ್ದ ಗುರುತೂ ಹೋಗುತ್ತದೆ.

ಗುಡಿಸಿದ ಎಲೆಯನ್ನು ಸುಡುವ ಹೊಗೆ ನಗರದ ಸಣ್ಣ ಪಾರ್ಕುಗಳಲ್ಲಿ ಈಗಲೂ ಕಾಣುತ್ತದೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಕಸ ಸುಡುವುದನ್ನು ನಿಷೇಧಿಸಲಾಗಿತ್ತು. ಬಡಾವಣೆಯ ಸಂಘಗಳು ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಬಲೆಯ ಗೂಡು ಮಾಡಿಕೊಂಡರೆ ಸಾಕು. ಆರು ಅಂಗುಲ ಎಲೆ, ಅದರ ಮೇಲೆ ಒಂದು ಬಕೆಟ್ ನೀರಿಗೆ ಎರಡು ಕಿಲೊ ಸಗಣಿ ಕದಡಿದ ಬಗ್ಗಡ, ಮತ್ತೆ ಎಲೆ. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಎರಡು ಮೂರು ಹನಿ ಬಂದರೆ ಹದ ಸರಿ. ಧಾರೆ ಹರಿದರೆ ನೀರು ಹೆಚ್ಚಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಒಣ ಎಲೆ ಬೆರೆಸಿ ತಿರುವಬೇಕು. ವಾರ ಕಳೆದರೂ ಒಳಗೆ ಬಿಸಿಯಾಗದಿದ್ದರೆ ನೀರೋ ಸಗಣಿಯೋ ಸಾಲದು. ಮಳೆಮರದ ಸಣ್ಣ ಎಲೆ ಮೂರು ತಿಂಗಳಿಗೆ ಗೊಬ್ಬರವಾಗುತ್ತದೆ. ಮಾವು, ಹಲಸಿನ ದಪ್ಪ ಎಲೆ ಆರು ತಿಂಗಳಾದರೂ ಹಾಗೇ ಇರುತ್ತದೆ, ಅದನ್ನು ಮೊದಲು ಚೂರು ಮಾಡಬೇಕು ಇಲ್ಲವೇ ಬೇರೆ ಗೂಡಿಗೆ ಹಾಕಬೇಕು.

ಗಾಜಿನ ಮನೆಯ ಬಗ್ಗೆ ಎಲ್ಲರಿಗೂ ಗೊತ್ತು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟದ್ದು, ಆಗ ತೋಟ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ಅವರ ಕಾಲದ್ದು, ಎರಕದ ಕಬ್ಬಿಣ ಗ್ಲಾಸ್ಗೋದಿಂದ ಬಂದದ್ದು. ಪ್ರದರ್ಶನದ ನೂಕುನುಗ್ಗಲಿನಲ್ಲಿ ಅದರ ಕಂಬ, ಕಮಾನುಗಳ ಕುಸುರಿಯನ್ನು ಯಾರೂ ನೋಡಲಾರರು. ಅಕ್ಟೋಬರ್‌ನ ಖಾಲಿ ಬೆಳಗಿನಲ್ಲಿ ಸುತ್ತ ನಿಂತು ನೋಡಬಹುದು.

ಜನವರಿಯ ಹೂವಿನ ಕೆಲಸ ಶುರುವಾಗುವುದೂ ಈಗಲೇ. ಪೆಟೂನಿಯಾ ಬಿತ್ತಿದ ಮೇಲೆ ಕುಂಡದಲ್ಲಿ ತುಂಬಿ ಅರಳಲು ಮೂರು ತಿಂಗಳಿಗೂ ಸ್ವಲ್ಪ ಹೆಚ್ಚೇ ಬೇಕು. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಎಂಟು ಹತ್ತು ಸಾವಿರ ಬರುತ್ತದೆ. ಒಣ ಮರಳಿನ ಜೊತೆ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಅದಕ್ಕೆ ಬೆಳಕು ಬೇಕು. ನೀರನ್ನು ಮೇಲಿನಿಂದ ಹಾಕದೆ ತಟ್ಟೆಯನ್ನು ನೀರಿನಲ್ಲಿಟ್ಟು ತಳದಿಂದ ಹೀರಿಸಬೇಕು. ಸ್ವಾತಿ ಮಳೆಯ ಮೋಡ ಕವಿದಾಗ ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಬುಡದಲ್ಲಿ ಕಪ್ಪಾಗಿ ಮಲಗುತ್ತದೆ, ದಟ್ಟವಾಗಿ ಬಿತ್ತಿದ ತಟ್ಟೆಯಲ್ಲಿ ಈ ಕೊಳೆ ಒಂದೇ ರಾತ್ರಿಗೆ ಹರಡುತ್ತದೆ. ತೆಳುವಾಗಿ ಬಿತ್ತುವುದು, ಗಾಳಿಯಾಡಲು ಬಿಡುವುದು, ಇಷ್ಟೇ ಇದಕ್ಕೆ ಮುಖ್ಯ ಮದ್ದು. ಮನೆಯಂಗಳದಲ್ಲಿ ಬೆಳೆಸುವವರಿಗೂ ಇದೇ ಕ್ರಮ.

ಗುಲಾಬಿ ಸವರುವವರು ಮಳೆ ಪೂರ್ತಿ ಹಿಂದೆ ಸರಿಯುವವರೆಗೆ ಕಾಯಬೇಕು. ಹೊರಮುಖದ ಕಣ್ಣಿನಿಂದ, ಅಂದರೆ ಚಿಗುರು ಒಡೆಯುವ ಮೊಗ್ಗಿನಿಂದ, ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಹತ್ತು ಲೀಟರ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂತು ಮದ್ದು ಕೆಡುತ್ತದೆ. ಸವರಿದ ಆರೇಳು ವಾರಕ್ಕೆ ಹೂವು.

ಬಂಡೆಗೆ ಕೊನೆಯಲ್ಲಿ ಬನ್ನಿ. ಕೆಂಪೇಗೌಡರ ಗಡಿ ಗೋಪುರ ನಿಂತಿರುವ ಈ ನೈಸ್ ಎಂಬ ಜಾತಿಯ ಶಿಲೆಗೆ ಸುಮಾರು 300 ಕೋಟಿ ವರ್ಷ. ಬಗ್ಗಿ ನೋಡಿದರೆ ಕಪ್ಪು, ಬಿಳುಪಿನ ಪಟ್ಟೆಗಳು ಮಡಿಚಿ ತಿರುಚಿಕೊಂಡಿರುವುದು ಕಾಣುತ್ತದೆ, ಭೂಮಿಯ ಆಳದಲ್ಲಿ ಶಾಖಕ್ಕೆ ಮೆತ್ತಗಾದಾಗ ಆದದ್ದು. ಮಳೆಯಲ್ಲಿ ತೊಳೆದ ಕಲ್ಲಿನ ಮೇಲೆ ಆ ಪಟ್ಟೆಗಳು ಬೇಸಿಗೆಗಿಂತ ಎಷ್ಟೋ ಸ್ಪಷ್ಟ. ನೀರು ಇಳಿದ ದಾರಿಯಲ್ಲಿ ಕಾಣುವ ಕರಿ ಗೆರೆಗಳು ಮಾತ್ರ ಕಲ್ಲಿನದಲ್ಲ, ಪಾಚಿಯದು. ಒದ್ದೆಯಿದ್ದಾಗ ಅದರ ಮೇಲೆ ಕಾಲಿಡಬೇಡಿ, ತಿಳಿ ಬಣ್ಣದ ಒರಟು ಜಾಗದಲ್ಲೇ ಹತ್ತಿ ಇಳಿಯಿರಿ. ಸವೆದ ಅಟ್ಟೆಯ ಚಪ್ಪಲಿ ಬೇಡ.

ತೋಟಗಾರಿಕೆಯ ಹೊಣೆ ಹೊತ್ತವರಲ್ಲಿ ನಮ್ಮ ಕೋರಿಕೆ ಇಷ್ಟು. ಹಸ್ತ ಮಳೆಯಿಂದ ಸ್ವಾತಿ ಮಳೆ ಮುಗಿಯುವ ನವೆಂಬರ್ ಮೊದಲ ವಾರದವರೆಗೆ ಹಳೆಯ ಮರಗಳ ನೆರಳಿನ ಅಂಚಿಗೆ ಹಗ್ಗ ಕಟ್ಟಿ ಜನ ಒಳಗೆ ಹೋಗದಂತೆ ತಡೆಯಬೇಕು. ಬುಡದ ಎಲೆಯನ್ನು ಅಲ್ಲೇ ಬಿಡಬೇಕು. ಸಸ್ಯಶಾಸ್ತ್ರದ ಹೆಸರಿನ ಫಲಕದ ಜೊತೆಗೆ ದೊಡ್ಡ ಅಕ್ಷರದಲ್ಲಿ ಕನ್ನಡದ ಹೆಸರು, ಹೂ ಬಿಡುವ ತಿಂಗಳು ಇರಬೇಕು. ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆದು ನಿಲ್ಲಿಸದೆ ನೆಲದಲ್ಲಿ ಕಂಬ ನೆಟ್ಟು ಹಾಕಬೇಕು, ಕಂಬದ ಗುಂಡಿಯನ್ನು ದಪ್ಪ ಬೇರು ತಪ್ಪಿಸಿ ತೋಡಬೇಕು.

ಇಂತಿ,
ಲಾಲ್‌ಬಾಗ್‌ನ ನಿತ್ಯ ನಡಿಗೆಯವರು,
ಬೆಂಗಳೂರು